ಎಸ್ ನೋಡಿದಿರಾ?

ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದಲ್ಲಿ ನಾಣ್ಯದ ಹುಚ್ಚು ಮೊದಲು ನನಗೊಬ್ಬನಿಗೇ ಇತ್ತು. ಈಗ ಊರಿಗೆಲ್ಲ ಹಬ್ಬಿದೆ. ಮೊನ್ನೆ ಗೆಳೆಯರೊಬ್ಬರು ಫೋಟೊ ಕಳಿಸಿ, ಬೆನ್ನಿಗೇ ಫೋನು ಹಚ್ಚಿದರು: “ಸಾರ್, 1969ರ ಎಸ್ ಸೆಂಟು, ಡಬಲ್ಡ್ ಡೈ! ಮನೆ ಸಾಲ ತೀರಿತು ಅಂದ್ಕೊಳ್ಳಿ.” ಇಸವಿ ಎರಡೆರಡಾಗಿ ಕಾಣುತ್ತಿದ್ದುದು ನಿಜ. “ಅದರ ಕೆಳಗಿನ ಎಸ್?” ಅಂದೆ. “ಅದೂ ಡಬಲ್ ಸಾರ್, ಇನ್ನೂ ಚೆನ್ನಾಗಿ!” ಅಲ್ಲಿಗೆ ಮನೆ ಸಾಲ ಹಾಗೇ ಉಳಿಯಿತು.

ಆ ಎಸ್ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು. ಇಸವಿ, ಬರಹಗಳು ಹಬ್ ಎಂಬ ಉಬ್ಬು ಮಾದರಿಯಿಂದ ಅಚ್ಚಿಗೆ ಇಳಿಯುತ್ತಿದ್ದವು. ಒಂದೇ ಒತ್ತಿಗೆ ಪೂರ್ತಿ ಮೂಡದ ಕಾರಣ, ಅಚ್ಚನ್ನು ಕಾಯಿಸಿ ಮೆದುಮಾಡಿ ಮತ್ತೆ ಒತ್ತುತ್ತಿದ್ದರು. ಆಗ ಕೂದಲೆಳೆಯಷ್ಟು ತಿರುಗಿ ಕೂತರೆ ಅಚ್ಚಿನಲ್ಲೇ ಅಕ್ಷರ ಎರಡಾಯಿತು; ಅದೇ ಡಬಲ್ಡ್ ಡೈ. ಎಸ್ ಮಾತ್ರ ಇದೆಲ್ಲ ಮುಗಿದ ಮೇಲೆ ಕೈಯಲ್ಲಿ ಗುದ್ದಿ ಕೂರಿಸಿದ್ದು. ಹಾಗಾಗಿ ಅಸಲಿಯಲ್ಲಿ ಎಸ್ ಒಂಟಿ. ಇಸವಿಯ ಜೊತೆ ಅದೂ ಅದೇ ದಿಕ್ಕಿಗೆ ಜಾರಿದ್ದರೆ ಅದು ಮೆಕ್ಯಾನಿಕಲ್ ಡಬ್ಲಿಂಗ್. ನಾಣ್ಯ ಹೊಡೆಯುವಾಗ ಸಡಿಲವಾಗಿದ್ದ ಅಚ್ಚು ಅಲುಗಿ ಅಕ್ಷರವನ್ನು ತಳ್ಳಿದೆ, ಅಷ್ಟೆ. ಎಸ್ ನೋಡುವ ಈ ಉಪಾಯ ನನಗೆ ಪ್ರಾಣ. 1990ರಿಂದೀಚೆಗೆ ಸೆಂಟಿನ ಗುರುತನ್ನೂ ಮೂಲ ಅಚ್ಚಿನಲ್ಲೇ ಸೇರಿಸಿ ಟಂಕಸಾಲೆಯವರು ಅದನ್ನು ಕೆಡಿಸಿದರು.

ಭೂತಗನ್ನಡಿ ಹಿಡಿದರೆ ಬೇರೆ ಸಾಕ್ಷಿಯೂ ಉಂಟು. ತಳ್ಳಿದ ಅಕ್ಷರದ ಪಕ್ಕ, ಹಸಿ ಗಾರೆಯ ಮೇಲೆ ಕರಣೆ ಎಳೆದ ಹಾಗೆ, ತಗ್ಗಾದ ಚಪ್ಪಟೆ ಮೆಟ್ಟಿಲು ಹೊಳೆಯುತ್ತದೆ. ಅಷ್ಟರಮಟ್ಟಿಗೆ ಅಕ್ಷರ ಸಣ್ಣಗಾಗಿರುತ್ತದೆ. ಅಸಲಿಯಲ್ಲಿ ಅಕ್ಷರ ದಪ್ಪವಾಗಿರುತ್ತದೆ, ಅದರ ತುದಿ ಎರಡಾಗಿ ಸೀಳಿರುತ್ತದೆ. ಇಷ್ಟು ಹೇಳಿದರೂ “ಸ್ವಲ್ಪವಾದರೂ ಬೆಲೆ ಇರಬೇಕಲ್ಲ ಸಾರ್?” ಇಲ್ಲ ಸ್ವಾಮಿ, ಇಲ್ಲ. 1969ರ ಅಸಲಿಗಳಿಗೇ ಕಷ್ಟ ತಪ್ಪಲಿಲ್ಲ: ಖೋಟಾ ಎಂದು ಸೀಕ್ರೆಟ್ ಸರ್ವಿಸ್‌ನವರು ಮೊದಮೊದಲು ಕೆಲವನ್ನು ಹೊತ್ತೊಯ್ದಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟದ್ದು 1955ರ ಫಿಲಡೆಲ್ಫಿಯಾದ ಡಬಲ್ಡ್ ಡೈ ಸೆಂಟು. ಅದರಲ್ಲಿ ಟಂಕಸಾಲೆಯ ಗುರುತೇ ಇಲ್ಲ. ನನ್ನ ಉಪಾಯ ಅಲ್ಲಿ ದಂಡ. ಬೇಕಾಗುವುದೂ ಇಲ್ಲ, ಇಸವಿ ಎರಡಿರುವುದು ಬರಿಗಣ್ಣಿಗೇ ಕಾಣುತ್ತದೆ. 20,000ಕ್ಕೂ ಹೆಚ್ಚು ನಾಣ್ಯಗಳು ಒಳ್ಳೆಯವುಗಳ ಜೊತೆ ಬೆರೆತು ಹೊರಗೆ ಬಂದವು. ಆಗ ಮಶೀನಿಗೆ 25 ಸೆಂಟು ಹಾಕಿದರೆ 23 ಸೆಂಟಿನ ಸಿಗರೇಟು ಪ್ಯಾಕು ಬೀಳುತ್ತಿತ್ತು. ಚಿಲ್ಲರೆ ಎರಡು ಸೆಂಟು ಪ್ಯಾಕಿನ ಹೊದಿಕೆಯೊಳಗೇ. ಈ ನಾಣ್ಯಗಳಲ್ಲಿ ಎಷ್ಟೋ ಹಾಗೆ ಸೇದುವವರ ಕೈ ಸೇರಿದವು. ಧೂಮಪಾನದಿಂದ ಲಾಭವಾದ ಬೇರೆ ನಿದರ್ಶನ ನನಗೆ ಗೊತ್ತಿಲ್ಲ.

ಅದೇ ಇಸವಿಯ ಇನ್ನೊಂದನ್ನು ‘ಬಡವರ ಡಬಲ್ಡ್ ಡೈ’ ಎಂದು ಮಾರುತ್ತಾರೆ. ಸವೆದ ಅಚ್ಚಿನಿಂದಾಗಿ ಕೊನೆಯ 5ರ ಪಕ್ಕ ನೆರಳು ಬಿದ್ದ ನಾಣ್ಯ ಅದು. ಗೊತ್ತಿಲ್ಲದೆ ಮಾರುವವರನ್ನು ಬಿಟ್ಟುಬಿಡೋಣ. ಗೊತ್ತಿದ್ದೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಚಂದದ ಅಕ್ಷರದಲ್ಲಿ ಹೆಸರು ಬರೆದು ಮೇಳದಲ್ಲಿ ಕೂರುತ್ತಾರಲ್ಲ, ಅವರನ್ನು ಕಂಡರೆ ಮೈ ಉರಿಯುತ್ತದೆ. ಬಡವರ ಹೆಸರು ಹೇಳಿ ಬಡವರ ಜೇಬಿಗೇ ಕತ್ತರಿ. ನನ್ನ ಲೆಕ್ಕದಲ್ಲಿ ಅದರ ಬೆಲೆ ಒಂದು ಸೆಂಟು. ಅದಕ್ಕಿಂತ ಹೆಚ್ಚು ಕೊಡಬೇಡಿ.