ಟಿಂಕರ್ ಬೆಲ್ ಹಾರುವ ಹೊತ್ತು

ರಾತ್ರಿ ಎಂಟೂವರೆಗೇ ಜನ ರಸ್ತೆಯಂಚಿನಲ್ಲಿ ಹೊದಿಕೆ ಹಾಸಿ ಕುಳಿತುಬಿಟ್ಟಿದ್ದರು. ಹಗಲೆಲ್ಲ ಸುತ್ತಿ ಸುಸ್ತಾದ ಮಕ್ಕಳು ತಳ್ಳುಗಾಡಿಗಳಲ್ಲೇ ನಿದ್ದೆ ಹೋಗಿದ್ದವು. ಬೇಸಿಗೆಯಾದರೂ ಕ್ಯಾಲಿಫೋರ್ನಿಯಾದ ರಾತ್ರಿಗೆ ಸ್ವೆಟರ್ ಬೇಕು. ಅದು 2016ರ ಜುಲೈ. ಲಾಸ್ ಏಂಜಲೀಸ್ ಸಮೀಪದ ಅನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿಗೆ ಮಗ, ಸೊಸೆ ನಮ್ಮನ್ನು ಕರೆದೊಯ್ದಿದ್ದರು. ಆಗ ನನಗೆ ಅರವತ್ತೆಂಟು, ಜೊತೆಗೆ ಮಂಡಿನೋವು. 'ಇದೆಲ್ಲ ಮಕ್ಕಳಾಟ, ಮನೆಗೆ ಹೋಗೋಣ' ಎಂದು ಎರಡು ಸಲ ಗೊಣಗಿದ್ದೂ ಆಗಿತ್ತು.

ಒಂಬತ್ತೂವರೆಗೆ ದೀಪಗಳು ಮಂಕಾದವು. ನಿದ್ರಾಸುಂದರಿಯ ಕೋಟೆಯ ಹಿಂದಿನಿಂದ ಬಾಣಗಳು ಚಿಮ್ಮಿ, ಕೆಂಪು, ಹಸಿರು ಹೂಗಳಾಗಿ ಅರಳಿ ಉದುರಿದವು. ನಡುವೆ ಪುಟ್ಟ ಬೆಳಕೊಂದು ಆಕಾಶದಲ್ಲಿ ತೇಲಿಬಂತು. ಅದು ಪೀಟರ್ ಪ್ಯಾನ್ ಕಥೆಯ ಕಿನ್ನರಿ ಟಿಂಕರ್ ಬೆಲ್. 'ಮಾವ, ಈ ವೇಷದಲ್ಲಿ ಇಲ್ಲಿ ಮೊದಲು ಹಾರಿದವರಿಗೆ ಎಪ್ಪತ್ತು ವರ್ಷ, ಗೊತ್ತಾ?' ಎಂದಳು ಸೊಸೆ. ನಾನು ನಂಬಲಿಲ್ಲ. ಆಮೇಲೆ ಓದಿ ನೋಡಿದರೆ ಅವಳ ಮಾತು ನಿಜ.

ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಆಗ ಪಟಾಕಿಯ ಪ್ರದರ್ಶನ ಇರಲಿಲ್ಲ. ಸಂಜೆಯಾದೊಡನೆ ಮನೆಗೆ ಹೊರಡುವ ಸಂಸಾರಗಳನ್ನು ರಾತ್ರಿಯವರೆಗೂ ಹಿಡಿದಿಡಬೇಕೆಂಬುದು ವಾಲ್ಟ್ ಡಿಸ್ನಿಯ ಆಸೆ. ಹಾಗಾಗಿ 1956ರ ಬೇಸಿಗೆಯಲ್ಲಿ ಬಾಣ ಬಿರುಸು ಶುರುವಾಯಿತು. 'ಫ್ಯಾಂಟಸಿ ಇನ್ ದಿ ಸ್ಕೈ' ಎಂಬ ಹೆಸರಿನ ಪ್ರದರ್ಶನ ಬಂದದ್ದು 1958ರಲ್ಲಿ. ಆಗೆಲ್ಲ ಬತ್ತಿಗೆ ಕೈಯಿಂದಲೇ ಕಿಡಿ ಹಚ್ಚಬೇಕಿತ್ತು.

ಟಿಂಕರ್ ಬೆಲ್ ಬಂದದ್ದು 1961ರಲ್ಲಿ. ಉದ್ಯಾನದಲ್ಲೇ ಕಟ್ಟಿರುವ 147 ಅಡಿ ಎತ್ತರದ ಮ್ಯಾಟರ್‌ಹಾರ್ನ್ ಕೃತಕ ಬೆಟ್ಟದ ನೆತ್ತಿಯಿಂದ ತಂತಿ ಕಟ್ಟಿದರು. ಜಾರಿ ಬಂದಾಕೆ ಟೈನಿ ಕ್ಲೈನ್. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಸರ್ಕಸ್ಸಿನಲ್ಲಿ ಬೆಳೆದವರು. ಎತ್ತರ ಐದಡಿಗೂ ಕಡಿಮೆ. 1932ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಮೇಲೆ ಹಲ್ಲಿನಿಂದ ಹಿಡಿಕೆ ಕಚ್ಚಿಕೊಂಡು ತಂತಿಯಲ್ಲಿ ಜಾರಿದ್ದ ಗಟ್ಟಿಗಿತ್ತಿ. ಕೆಳಗೆ ಕೂತ ಮಕ್ಕಳಿಗೆ ಕಾಣುತ್ತಿದ್ದುದು ಮಿನುಗುವ ಕಿನ್ನರಿ ಮಾತ್ರ. ಅತ್ತ ಕತ್ತಲಲ್ಲಿ ಹಾಸಿಗೆ ಹಿಡಿದು ನಿಂತವರು ಆಕೆಯನ್ನು ತಡೆದು ನಿಲ್ಲಿಸುತ್ತಿದ್ದರು. ಕಾಯಿಲೆ ಹಿಡಿದ ಮೇಲೆ, 1964ರಲ್ಲಿ ಟೈನಿ ಆ ಕೆಲಸ ಬಿಟ್ಟರು. ಅದೇ ವರ್ಷ ತೀರಿಕೊಂಡರು.

ಬೆಳಕಿನ ಹಿಂದೆ ಹೊಗೆಯೂ ಇರುತ್ತದಲ್ಲ! ಮೊದಲು ಸುತ್ತ ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಮನೆಗಳು ಎದ್ದವು. ನೋಡಲು ಬಂದವರಿಗೆ ಅದು ಒಂದು ರಾತ್ರಿಯ ಸಂಭ್ರಮ. ಅಕ್ಕಪಕ್ಕದವರಿಗೆ ಮತ್ತೆ ಮತ್ತೆ ಸದ್ದು, ಹೊಗೆ. ದೂರುಗಳು ಬಂದವು. 2004ರಲ್ಲಿ ಹೊಸ ಉಪಾಯ ಬಂತು. ಬಾಣವನ್ನು ಮೇಲಕ್ಕೆ ಎಸೆಯಲು ಮದ್ದಿನ ಪುಡಿಯ ಬದಲು ಒತ್ತಿ ತುಂಬಿದ ಗಾಳಿ. ಆಕಾಶದಲ್ಲಿ ಸಿಡಿಸಲು ಎಲೆಕ್ಟ್ರಾನಿಕ್ ಚಿಪ್. ನೆಲಮಟ್ಟದ ಹೊಗೆ, ಸದ್ದು ಕಡಿಮೆಯಾಯಿತು. ಯಾವ ಎತ್ತರದಲ್ಲಿ, ಯಾವ ಕ್ಷಣದಲ್ಲಿ ಸಿಡಿಯಬೇಕೆಂಬುದೂ ಕರಾರುವಾಕ್ಕಾಯಿತು.

ಇದರ ಫಲ ಕಂಡದ್ದು 2005ರಲ್ಲಿ, ಉದ್ಯಾನದ ಸುವರ್ಣ ಮಹೋತ್ಸವದ ಪ್ರದರ್ಶನದಲ್ಲಿ. ನಾವು ನೋಡಿದ್ದು 2015ರಲ್ಲಿ ಶುರುವಾದ 'ಡಿಸ್ನಿಲ್ಯಾಂಡ್ ಫಾರೆವರ್'. ಅದರಲ್ಲಿ ಕೋಟೆಯ ಗೋಡೆ, ಬೀದಿಯ ಅಂಗಡಿಗಳ ಮೇಲೂ ಚಿತ್ರಗಳು ಚಲಿಸುತ್ತಿದ್ದವು. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ ಆ ಆಕಾಶವೂ ಕತ್ತಲಾಯಿತು. ಮತ್ತೆ ಬಾಣ ಹಾರಿದ್ದು 2021ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ.

ಅಂದು ಕೊನೆಯ ಬಾಣ ಸಿಡಿದ ಮೇಲೆ ಗಾಳಿಯಲ್ಲಿ ದೀಪಾವಳಿಯ ಮಾರನೆಯ ದಿನದ ವಾಸನೆ ತೆಳುವಾಗಿ ಉಳಿದಿತ್ತು. ಕಾರು ನಿಲ್ಲಿಸಿದ ಜಾಗ ದೂರ. ಮೊಮ್ಮಗಳು ನನ್ನ ಹೆಗಲ ಮೇಲೆಯೇ ನಿದ್ದೆ ಹೋದಳು. ಮಂಡಿನೋವು ಹಾಗೆಯೇ ಇತ್ತು. ಗೊಣಗಾಟ ಮಾತ್ರ ನಿಂತಿತ್ತು.