ಅವಳಿ ನಗರದಲ್ಲಿ ಅವಳಿ ಕಾರುಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯನ್ನು ನೀವು ನೋಡಿರಬಹುದು. ವಿಮಾನ ನಿಲ್ದಾಣದ ಕಡೆ ಹೋಗುವ ಈ ದಾರಿಯಲ್ಲಿ ಕಾರಿನ ಶೋರೂಮುಗಳು ಹಲವು.

ಎತ್ತರದ ಕಾರು ಕೊಳ್ಳುವ ಮಾತು ಬಂದದ್ದೇ ತಡ, ನಮ್ಮ ಯಜಮಾನರು ಮಾರುತಿಯ ಗ್ರ್ಯಾಂಡ್ ವಿಟಾರಾ ಎಂದರು. ಮೈದುನ ಟೊಯೊಟಾದ ಹೈರೈಡರ್ ಎಂದ. ಎರಡು ದಿನ ಅಣ್ಣತಮ್ಮಂದಿರ ನಡುವೆ ಮಾತೇ ಇಲ್ಲ ನೋಡ್ರಿ!

ಮಜಾ ಏನಂದ್ರ, 2022ರಲ್ಲಿ ಈ ಎರಡೂ ಗಾಡಿಗಳು ತಯಾರಾಗಿ ಹೊರಬಂದದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ. 1,462 ಸಿ.ಸಿ. ಪೆಟ್ರೋಲ್ ಇಂಜಿನ್ ಎರಡರಲ್ಲೂ ಸುಜುಕಿಯದು. ಹೆಚ್ಚು ಮೈಲೇಜಿನ ಹೈಬ್ರಿಡ್ ಎರಡರಲ್ಲೂ ಟೊಯೊಟಾದ್ದು. ಹೈಬ್ರಿಡ್ಡಿನ ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ. ಊರಿಗೆ ಒಯ್ಯುವ ಚೀಲ ಇಟ್ಟೇ ನೋಡಿರಿ.

ಹೆಸರಿಗಾಗಿ ಜಗಳ ಬೇಡ. ಬೆಲೆ, ವಾರಂಟಿ, ಹತ್ತಿರದ ಸರ್ವಿಸ್, ಗಾಡಿ ಸಿಗುವ ದಿನ, ಇಷ್ಟನ್ನು ಬರೆದುಕೊಳ್ಳಿರಿ. ಮನೆಯ ಹಿರಿಯರನ್ನು ಕೂಡಿಸಿಕೊಂಡು ಉಣಕಲ್ ಕೆರೆ, ನವನಗರ ದಾಟಿ ಧಾರವಾಡದ ತನಕ ಓಡಿಸಿ ನೋಡಿರಿ. ನಡುವಿನ ಚಿಗರಿ ಬಸ್ಸಿನ ದಾರಿಗೆ ಮಾತ್ರ ನುಗ್ಗಬೇಡಿರಿ.

ಮೊಣಕಾಲು ನೋವಿನ ನಮ್ಮ ಅತ್ತೆಯವರು ಎರಡನ್ನೂ ಹತ್ತಿ ಇಳಿದು ಮಕ್ಕಳಿಗೆ ಅಂದರು: "ಯಾವುದರ ತೊಗೊಳ್ರಿ, ಆದ್ರ ಇಬ್ರೂ ಮಾತಾಡ್ಕೋತ ಮನಿಗೆ ತರ್ರಿ."

ಬೇಗ ಸಿಗುವುದಕ್ಕೇ ಮುಂಗಡ ಕೊಟ್ಟೆವು.