ಕಡಲತೀರದ ಊರಿನ ಹಳೇ ಡೀಸೆಲ್ ಎಸ್‌ಯುವಿ

ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಸಮುದ್ರ ಕೂಗಳತೆಯಲ್ಲಿದೆ. ಅರಕು ಕಣಿವೆ ಸುಮಾರು 115 ಕಿಲೋಮೀಟರ್, ನಡುವೆ ಅನಂತಗಿರಿ ಘಾಟಿ. ಇಲ್ಲಿ ಸೆಕೆಂಡ್‌ಹ್ಯಾಂಡ್ ಡೀಸೆಲ್ ಎಸ್‌ಯುವಿ ಹುಡುಕುವ ಕುಟುಂಬ ಕಿಲೋಮೀಟರ್ ಲೆಕ್ಕಕ್ಕೂ ಮೊದಲು ಗಾಡಿಯ ಅಡಿಭಾಗ ನೋಡಬೇಕು.

ಉಪ್ಪುಗಾಳಿಗೆ ಛಾಸಿ, ಬ್ರೇಕ್ ಪೈಪು, ಸೈಲೆನ್ಸರ್ ಬೇಗ ತುಕ್ಕು ಹಿಡಿಯುತ್ತವೆ. ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಹಕ್ಕಳೆ ಉದುರಿದರೆ ಆ ಗಾಡಿ ಬೇಡ.

ಮಳೆಗಾಲದ ಕೆಸರಿನ ಏರಿಗೆ ಲೋ-ರೇಂಜ್ ಗೇರ್ ಇರುವ ಟಾಟಾ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್ ಗಟ್ಟಿ. ಮನೆಮಂದಿಯ ಪ್ರಯಾಣವೇ ಹೆಚ್ಚು, ಮಣ್ಣುದಾರಿ ಅಪರೂಪ ಎನ್ನುವವರಿಗೆ 2014ರಲ್ಲಿ ಬಂದ ರೆನೋ ಡಸ್ಟರ್ ಆಲ್‌ವೀಲ್ ಡ್ರೈವ್ ಸಾಕು: 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಹಿಂದೆಯೂ ಸ್ವತಂತ್ರ ಸಸ್ಪೆನ್ಷನ್.

ಯಾವುದೇ ಇರಲಿ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡದೆ ಮುಂಗಡ ಕೊಡಬೇಡಿ.